ಕಲ್ಲಿನ ಕಲೆ ಉಜ್ಜಿದರೆ ಹೋಗಲ್ಲ, ಹೀರಿ ತೆಗೆಯಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯ ಮೂಲೆಯಲ್ಲಿ ಒಂದು ಪುಟ್ಟ ಸಲಹೆ ಬಂದಿತ್ತು. ಮಾರ್ಬಲ್ ಮೇಲೆ ಎಣ್ಣೆ ಕಲೆಯಾದರೆ ನಿಂಬೆ ಹೋಳನ್ನು ಉಪ್ಪಿನಲ್ಲಿ ಅದ್ದಿ ಉಜ್ಜಿ, ಅದಕ್ಕೂ ಜಗ್ಗದಿದ್ದರೆ ಒಂದು ಮುಚ್ಚಳ ಆಸಿಡ್ ಹಾಕಿ ತೊಳೆಯಿರಿ, ಫಳಫಳ ಹೊಳೆಯುತ್ತದೆ ಅಂತ. ಓದಿ ಹೊಟ್ಟೆ ಉರಿಯಿತು. ಯಾಕೆಂದರೆ ಆರು ವರ್ಷದ ಹಿಂದೆ ಇಂಥದ್ದೇ ಸಲಹೆ ನಂಬಿ ನಮ್ಮ ದೇವರ ಮನೆಯ ನೆಲ ಕೆಡಿಸಿಕೊಂಡವಳು ನಾನು. ಅದೂ ಯಾರು? ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ವರ್ಷವರ್ಷವೂ ಮಕ್ಕಳೆದುರು ಸುಣ್ಣದ ಕಲ್ಲಿನ ಚೂರಿನ ಮೇಲೆ ಆಸಿಡ್ ಹನಿಸಿ, ಬುಸುಬುಸು ಗುಳ್ಳೆ ಏಳುವುದನ್ನು ತೋರಿಸಿ, 'ನೋಡ್ರೋ, ಕಲ್ಲು ಕರಗ್ತಾ ಇದೆ' ಅಂದವಳು. ಮನೆಗೆ ಬಂದಾಗ ಆ ಪಾಠ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಆಗಿದ್ದು ಇಷ್ಟು. ದೇವರ ಮನೆಗೆ ಬಿಳಿ ಮಾರ್ಬಲ್ ಹಾಕಿಸಿದ್ದೇವೆ. ಹಿತ್ತಾಳೆಯ ದೀಪದ ಕಂಬದ ತಿರುಪು ಸಡಿಲವಾಗಿ ಎಳ್ಳೆಣ್ಣೆ ಸಣ್ಣಗೆ ಒಸರುತ್ತಿತ್ತು, ನಮಗೆ ಗೊತ್ತೇ ಆಗಲಿಲ್ಲ. ಕಾರ್ತಿಕ ಮಾಸ ಬೇರೆ, ದಿನಾ ಸಂಜೆ ದೀಪ. ತಿಂಗಳು ಮುಗಿದ ಮೇಲೆ ಕಂಬ ಎತ್ತಿ ನೋಡಿದರೆ ಕೆಳಗೆ ಇಡ್ಲಿಯಷ್ಟು ಅಗಲದ ಕಂದು ಕಲೆ. ಮೊದಲು ಸೋಪಿನ ನೀರು ಹಾಕಿದೆ. ಆಮೇಲೆ ಪಾತ್ರೆ ತೊಳೆಯುವ ವಿಮ್. ಆಮೇಲೆ ಬಿಸಿನೀರು, ಬ್ರಶ್ಶು. ಕಲೆ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಕೊನೆಗೆ ಎಲ್ಲೋ ಓದಿದ್ದು ನೆನಪಾಗಿ ನಿಂಬೆಹಣ್ಣು, ಉಪ್ಪು ಹಾಕಿ ಹತ್ತು ನಿಮಿಷ ಗಸಗಸ ಉಜ್ಜಿದೆ. ತೊಳೆದು, ಒರೆಸಿ, ಒಣಗಿದ ಮೇಲೆ ನೋಡಿದರೆ ಕಲೆ ಇದ್ದಲ್ಲೇ ಇದೆ, ಅದರ ಸುತ್ತ ತಟ್ಟೆಯಗಲ ಜಾಗದಲ್ಲಿ ಹೊಳಪು ಹೋಗಿ ಕಲ್ಲು ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡಿದೆ.

ನೆಲ ಪಾಲಿಶ್ ಮಾಡುವ ಮೇಸ್ತ್ರಿಯನ್ನು ಕರೆಸಿದೆ. ಅವರು ಕುಕ್ಕರುಗಾಲಲ್ಲಿ ಕೂತು, ಮೊಬೈಲಿನ ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು ನೋಡಿ ನಕ್ಕರು. 'ಅಮ್ಮಾವ್ರೇ, ಕಲೆ ಹಂಗೇ ಐತೆ. ಜೊತೆಗೆ ಗಾಯ ಬೇರೆ ಮಾಡ್ಕೊಂಡಿದ್ದೀರಿ' ಅಂದರು.

ಆ ಮಾತು ನನಗೆ ಈಗಲೂ ಕಿವಿಯಲ್ಲಿದೆ. ಕಲೆ ಬೇರೆ, ಗಾಯ ಬೇರೆ. ಕಲೆ ಅಂದರೆ ಕಲ್ಲಿನೊಳಗೆ ಏನೋ ಹೊಕ್ಕು ಕೂತಿರುವುದು, ಆ ಜಾಗ ಸಾಮಾನ್ಯವಾಗಿ ಸುತ್ತಲಿಗಿಂತ ಗಾಢವಾಗಿರುತ್ತದೆ. ಗಾಯ ಅಂದರೆ ಹುಳಿ ತಾಗಿ ಕಲ್ಲೇ ಸವೆದಿರುವುದು, ಆ ಜಾಗ ಮಂಕಾಗಿ ಬಿಳಿಚಿಕೊಂಡಿರುತ್ತದೆ, ಬೆರಳಾಡಿಸಿದರೆ ಸ್ವಲ್ಪ ಒರಟು. ಮಾರ್ಬಲ್, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಇವೆಲ್ಲ ಸುಣ್ಣದ ಜಾತಿಯವು. ನಿಂಬೆ, ಹುಣಸೆಹುಳಿ, ವಿನಿಗರ್, ಟಾಯ್ಲೆಟ್ ತೊಳೆಯುವ ಆಸಿಡ್, ಯಾವುದು ಬಿದ್ದರೂ ಕಲ್ಲು ಕರಗುತ್ತದೆ, ಜಾಸ್ತಿ ಕಮ್ಮಿ ಅಷ್ಟೇ ವ್ಯತ್ಯಾಸ. ನಾವು 'ಆಸಿಡ್ ಹಾಕಿದ ತಕ್ಷಣ ಬೆಳ್ಳಗಾಯಿತು' ಅಂತ ಖುಷಿಪಡುತ್ತೇವಲ್ಲ, ಅದು ಕೊಳೆ ಹೋಗಿದ್ದಲ್ಲ, ಮೇಲಿನ ಪದರವೇ ಹೋಗಿದ್ದು. ಆಮೇಲೆ ಆ ಒರಟು ಮೈ ಮೊದಲಿಗಿಂತ ಬೇಗ ಕೊಳೆ ಹಿಡಿಯುತ್ತದೆ. ಮತ್ತೆ ಆಸಿಡ್. ಹೀಗೇ ನಡೆಯುತ್ತದೆ.

ಗಾಯಕ್ಕೆ ಪಾಲಿಶ್ ಬಿಟ್ಟು ಬೇರೆ ದಾರಿಯಿಲ್ಲ. ಕಲೆಗೆ ಇದೆ. ನಾನು ಬರೆಯಲು ಹೊರಟಿದ್ದೇ ಅದನ್ನು.

ಚಿಕ್ಕವರಿದ್ದಾಗ ಕುರು ಎದ್ದರೆ ಅಜ್ಜಿ ಏನೋ ಅರೆದು ಬೆಚ್ಚಗೆ ಪಟ್ಟು ಹಾಕುತ್ತಿದ್ದರು ನೆನಪಿದೆಯಾ? ಕೀವು ತಾನಾಗಿ ಹೊರಗೆ ಬರಲಿ ಅಂತ. ಕಲ್ಲಿಗೂ ಅದೇ ಪಟ್ಟು. ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಹೆಸರು, ಪೋಲ್ಟಿಸ್ ಅಂತ. ರೇಷ್ಮೆ ಸೀರೆ ಮೇಲೆ ಎಣ್ಣೆ ಬಿದ್ದರೆ ನಾವು ಉಜ್ಜಲು ಹೋಗುತ್ತೇವಾ? ಇಲ್ಲ. ಪೌಡರ್ ಸುರಿದು ರಾತ್ರಿ ಬಿಟ್ಟು ಬೆಳಗ್ಗೆ ಕೊಡವುತ್ತೇವೆ. ಸೀರೆಗೆ ಇರುವ ಈ ತಿಳಿವಳಿಕೆ ಕಲ್ಲಿನ ವಿಷಯಕ್ಕೆ ಬಂದರೆ ಯಾಕೋ ಇಲ್ಲ. ಕಲ್ಲು ಗಟ್ಟಿ, ಉಜ್ಜಿದರೆ ತಡೆಯುತ್ತೆ ಅನ್ನುವ ಧೈರ್ಯ.

ಕಲ್ಲು ಗಟ್ಟಿಯೇನೋ ಹೌದು, ಆದರೆ ಅದರ ಮೈ ತುಂಬ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು. ನಂಬಿಕೆ ಬರದಿದ್ದರೆ ನಿಮ್ಮ ಅಡುಗೆ ಮನೆಯ ಕಟ್ಟೆ ಮೇಲೆ ಒಂದು ಹನಿ ನೀರು ಬಿಟ್ಟು ಹತ್ತು ನಿಮಿಷ ಬಿಟ್ಟು ಒರೆಸಿ ನೋಡಿ. ಕೆಳಗೆ ಕಪ್ಪು ಗುರುತು ಉಳಿದಿದ್ದರೆ ಕಲ್ಲು ಕುಡಿದಿದೆ ಅಂತ ಅರ್ಥ. ಬೂದು ಬಣ್ಣದ ಸಾದರಹಳ್ಳಿ ಕಲ್ಲಿನ ಚಪ್ಪಡಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಂತೂ ಇನ್ನೂ ಬಾಯಾರಿದ ಜಾತಿ. ನಯವಾಗಿ ಪಾಲಿಶ್ ಆದ ಕಪ್ಪು ಗ್ರಾನೈಟ್ ಬಹಳ ಕಮ್ಮಿ ಕುಡಿಯುತ್ತದೆ. ಎಣ್ಣೆ ಹೀಗೆ ಒಳಗೆ ಇಳಿದ ಮೇಲೆ ನೀವು ಮೇಲೆ ಎಷ್ಟು ಉಜ್ಜಿದರೂ ಬ್ರಶ್ಶಿನ ಕೂದಲು ಆ ರಂಧ್ರಕ್ಕೆ ಇಳಿಯುವುದಿಲ್ಲ. ಎಣ್ಣೆ ತಾನಾಗೇ ಎದ್ದು ಬರಬೇಕು.

ಅದನ್ನು ಎಬ್ಬಿಸುವುದು ಹೇಗೆ? ಎರಡು ಸಾಮಾನು ಬೇಕು. ಒಂದು ನುಣ್ಣನೆಯ, ಹೀರುವ ಪುಡಿ. ಇನ್ನೊಂದು ಆ ಕಲೆಯನ್ನು ಕರಗಿಸುವ ದ್ರವ. ಎರಡನ್ನೂ ಕಲಸಿ ಕಲೆ ಮೇಲೆ ಮೆತ್ತಿದರೆ ದ್ರವ ಮೊದಲು ಕಲ್ಲಿನೊಳಗೆ ಇಳಿಯುತ್ತದೆ, ಕಲೆಯನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಪಟ್ಟು ಹೊರಗಿನಿಂದ ಒಣಗುತ್ತಾ ಬರುವಾಗ ಒಳಗಿನ ದ್ರವ ಕಲೆಯನ್ನು ಹೊತ್ತುಕೊಂಡೇ ಮೇಲಕ್ಕೆ ಬಂದು ಪುಡಿಯಲ್ಲಿ ಸೇರುತ್ತದೆ. ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೇ. ಒಂದೇ ಒಂದು ಷರತ್ತು, ಪುಡಿಯ ಕಣಗಳ ನಡುವಿನ ಸಂದು ಕಲ್ಲಿನ ರಂಧ್ರಕ್ಕಿಂತ ಸಣ್ಣದಿರಬೇಕು, ಇಲ್ಲದಿದ್ದರೆ ಸರಿಯಾಗಿ ಎಳೆಯುವುದಿಲ್ಲ. ನಮ್ಮ ಪಕ್ಕದ ಮನೆಯವರು 'ರಂಗೋಲಿ ಪುಡಿ ಆಗುತ್ತಾ ಟೀಚರ್' ಅಂತ ಕೇಳಿದರು. ಆಗಲ್ಲ, ತರಿತರಿ ಜಾಸ್ತಿ.

ನಾನು ಮಾಡಿದ್ದು ಹೇಳುತ್ತೇನೆ. ಬಿಳಿ ಮಾರ್ಬಲ್ ಆದ್ದರಿಂದ ಪುಡಿಯೂ ಬೆಳ್ಳಗೇ ಇರಲಿ ಅಂತ ಚೀನಾ ಮಣ್ಣು ತಂದೆ. ಕೆವೊಲಿನ್ ಅಂತ ಕೇಳಿದರೆ ಮಡಕೆ, ಗೊಂಬೆ ಮಾಡುವವರ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಟಾಲ್ಕಂ ಪೌಡರ್ ಆದೀತು, ಅಡುಗೆ ಸೋಡಾನೂ ಆದೀತು. ಮುಲ್ತಾನಿ ಮಿಟ್ಟಿ ಹೀರುವುದರಲ್ಲಿ ಗಟ್ಟಿಗ, ಆದರೆ ಅದಕ್ಕೇ ಸ್ವಂತ ಹಳದಿ ಬಣ್ಣ ಇದೆ, ಒಳಗೆ ಕಬ್ಬಿಣದ ಅಂಶ. ಬೆಳ್ಳನೆ ಕಲ್ಲಿನ ಮೇಲೆ ಹಾಕುವ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿಕೊಳ್ಳಿ. ದ್ರವಕ್ಕೆ ಅಸಿಟೋನ್. ಉಗುರು ಬಣ್ಣ ಅಳಿಸಲು ಬಳಸುತ್ತಾರಲ್ಲ ಅದೇ, ಆದರೆ ಬಣ್ಣ, ಸುವಾಸನೆ ಸೇರಿಸಿದ್ದು ಬೇಡ, ಬರೀ ಅಸಿಟೋನ್ ಬೇಕು. ಇದು ಪೆಟ್ರೋಲಿನ ಹಾಗೆ ಹತ್ತಿಕೊಳ್ಳುತ್ತದೆ. ದೇವರ ಮನೆ ಅಂತ ಅಭ್ಯಾಸಬಲದಿಂದ ದೀಪ ಹಚ್ಚೀರಿ! ಆ ಎರಡು ಮೂರು ದಿನ ನಮ್ಮ ದೇವರಿಗೆ ನಡುಮನೆಯ ಟೀಪಾಯಿ ಮೇಲೆ ಪೂಜೆ. ಕಿಟಕಿ ಎಲ್ಲ ತೆಗೆದಿಟ್ಟಿದ್ದೆ, ಕೈಗೆ ಗ್ಲೌಸು.

ಹಳೇ ಸ್ಟೀಲ್ ಬಟ್ಟಲಲ್ಲಿ ಕಲಸಿದೆ. ಹದ ಹೇಗೆ ಅಂದರೆ, ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ. ವಡೆ ಹಿಟ್ಟು ಅಂದುಕೊಳ್ಳಿ. ಕಲೆಗೆ ಮೊದಲು ಒಂಚೂರು ಅಸಿಟೋನ್ ಸವರಿ, ಮೇಲೆ ಅರ್ಧ ಇಂಚಿಗೆ ಸ್ವಲ್ಪ ಕಮ್ಮಿ ದಪ್ಪಕ್ಕೆ ಮೆತ್ತಿದೆ. ಕಲೆಯ ಅಂಚಿನಿಂದ ಒಂದು ಇಂಚು ಆಚೆಗೂ ಬರುವ ಹಾಗೆ ಮೆತ್ತಬೇಕು, ಇಲ್ಲದಿದ್ದರೆ ಎಣ್ಣೆ ಪಕ್ಕಕ್ಕೆ ಸರಿದು ಬಳೆಯ ಹಾಗೆ ಸುತ್ತು ಗುರುತು ಕೂರುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಟೇಪು. ಒಂದು ದಿನ ಪೂರ್ತಿ ಹಾಗೇ ಬಿಟ್ಟೆ. ಮರುದಿನ ಹಾಳೆ ತೆಗೆದು ಒಣಗಲು ಬಿಟ್ಟೆ.

ಇಲ್ಲೇ ಎಲ್ಲರೂ ತಪ್ಪು ಮಾಡುವುದು. ಹಾಳೆ ತೆಗೆದ ತಕ್ಷಣ ನೀರು ಹಾಕಿ ತೊಳೆದುಬಿಡುತ್ತಾರೆ. ಹಾಗೆ ಮಾಡಿದರೆ ಅರ್ಧ ದಾರಿ ಬಂದ ಎಣ್ಣೆ ಮತ್ತೆ ಕಲ್ಲಿಗೇ ವಾಪಸ್ಸು. ಪೂರ್ತಿ ಒಣಗಬೇಕು. ಒಣಗುವುದನ್ನು ನಾನು ಕೂತು ನೋಡಿದ್ದೇನೆ (ನಿವೃತ್ತಿಯ ಸುಖ). ಅಂಚಿನಿಂದ ಬಣ್ಣ ಬಿಳಿಯಾಗುತ್ತಾ ನಡುವಿಗೆ ಬರುತ್ತದೆ, ಬೇಸಿಗೆಯಲ್ಲಿ ಕೆರೆ ಅಂಗಳ ಬಿರಿದ ಹಾಗೆ ಸಣ್ಣ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಹಳೇ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸಿದೆ. ಚಾಕು, ಉಳಿ ಬೇಡ, ಗೀರು ಬೀಳುತ್ತದೆ. ಎದ್ದ ಹಕ್ಕಳೆಯನ್ನು ತಿರುಗಿಸಿ ನೋಡಿದರೆ ಅದರ ಮೈಯಲ್ಲಿ ತುಪ್ಪದ ಬಣ್ಣದ ದುಂಡನೆ ಗುರುತು. ಆರು ತಿಂಗಳು ಸೋಪಿಗೆ ಬಗ್ಗದ ಎಣ್ಣೆ, ನನ್ನ ಅಂಗೈಯಲ್ಲಿ! ಸುಳ್ಳು ಯಾಕೆ, ಆಗ ಆದ ಸಂತೋಷ ಮಗಳ ರಿಸಲ್ಟ್ ಬಂದಾಗ ಆದಷ್ಟೇ.

ಒಂದೇ ಸಲಕ್ಕೆ ಹೋಯಿತಾ? ಇಲ್ಲ. ಮೊದಲ ಸಲ ಅರ್ಧ ತಿಳಿಯಾಯಿತು. ಒಟ್ಟು ನಾಲ್ಕು ಪಟ್ಟು ಹಾಕಿದೆ. ಕೊನೆಗೆ ಒಂದು ಛಾಯೆ ಉಳಿಯಿತು, ನೆಲ ಒದ್ದೆಯಾದಾಗ ಮಾತ್ರ ಕಾಣುತ್ತದೆ, ಅದರ ತಂಟೆಗೆ ಹೋಗಲಿಲ್ಲ. ಎರಡು ತಿಂಗಳ ಮೇಲೆ ಅದೇ ಜಾಗ ಮತ್ತೆ ಸ್ವಲ್ಪ ಮಬ್ಬಾಗಿ ಕಂಡಿತು, ಆಳದಲ್ಲಿ ಉಳಿದಿದ್ದ ಎಣ್ಣೆ ಮೇಲೆ ಬಂದಿತ್ತು. ಇನ್ನೊಂದು ಪಟ್ಟು ಹಾಕಿದೆ, ಮುಗಿಯಿತು. ಪಟ್ಟು ಹಾಕುವವರಿಗೆ ಪಟ್ಟು ಬಿಡದ ಸ್ವಭಾವವೂ ಇರಬೇಕು ಅಂತ ನಮ್ಮ ಯಜಮಾನರು ತಮಾಷೆ ಮಾಡಿದರು.

ಎಣ್ಣೆ ಅಂದರೆ ಎಲ್ಲ ಎಣ್ಣೆಯೂ ಒಂದೇ ಅಲ್ಲ, ಇದನ್ನು ನಾನು ಆಮೇಲೆ ಕಲಿತದ್ದು. ತೆಂಗಿನೆಣ್ಣೆ ವರ್ಷವಾದರೂ ಎಣ್ಣೆಯಾಗೇ ಇರುತ್ತದೆ, ಪಟ್ಟಿಗೆ ಸುಲಭವಾಗಿ ಬರುತ್ತದೆ. ಎಳ್ಳೆಣ್ಣೆ ಗಾಳಿ ಸೇರಿ ನಿಧಾನಕ್ಕೆ ಅಂಟಾಗುತ್ತದೆ, ತಡ ಮಾಡಿದಷ್ಟೂ ಕಷ್ಟ. ಅಗಸೆ ಎಣ್ಣೆ ಒಣಗಿತೋ, ಅದು ಹೆಚ್ಚುಕಮ್ಮಿ ಪೇಂಟೇ. ಇನ್ನು ಹರಳೆಣ್ಣೆಯದು ವಿಚಿತ್ರ. ಬೇರೆ ಎಣ್ಣೆ ಕರಗಿಸುವ ಮಿನರಲ್ ಟರ್ಪೆಂಟೈನಿಗೆ ಅದು ಸರಿಯಾಗಿ ಜಗ್ಗುವುದಿಲ್ಲ, ಸ್ಪಿರಿಟ್ಟಿನಲ್ಲಾದರೆ ಚೆನ್ನಾಗಿ ಕರಗುತ್ತದೆ. ಹರಳೆಣ್ಣೆ ದೀಪ ಹಚ್ಚುವ ಮನೆಯವರು ಇದನ್ನು ನೆನಪಿಟ್ಟುಕೊಳ್ಳಬೇಕು. ಸೀಮೆಎಣ್ಣೆಯಲ್ಲಿ ಕಲಸಿ ಹಾಕಿದರೆ ಹೇಗೆ ಅಂತ ಕೇಳುವವರಿದ್ದಾರೆ. ಸೀಮೆಎಣ್ಣೆ ಪೂರ್ತಿ ಆರುವುದಿಲ್ಲ, ಒಂದು ಕಲೆ ತೆಗೆಯಲು ಹೋಗಿ ಇನ್ನೊಂದು ಎಣ್ಣೆ ಕುಡಿಸಿದ ಹಾಗಾಗುತ್ತದೆ.

ಇದೆಲ್ಲ ಟೀಚರಮ್ಮನ ಮನೆ ಪ್ರಯೋಗ ಅಂತ ನಗಬೇಡಿ. ತಾಜ್ ಮಹಲಿಗೆ ಮಾಡುವುದೂ ಇದನ್ನೇ. ರಾಜಸ್ಥಾನದ ಮಕ್ರಾನಾದಿಂದ ತಂದ ಅದರ ಬಿಳಿ ಮಾರ್ಬಲ್ ಆಗ್ರಾದ ಹೊಗೆ, ಧೂಳಿಗೆ ಹಳದಿಯಾದಾಗ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ವಿಜ್ಞಾನ ವಿಭಾಗದವರು ಮುಲ್ತಾನಿ ಮಿಟ್ಟಿಯ ಪಟ್ಟು ಹಾಕಿದರು. ಮೊದಲು 1994ರಲ್ಲಿ, ಆಮೇಲೆ 2001, 2008, 2014ರಲ್ಲಿ. ಸುಮಾರು 2 ಮಿಲಿಮೀಟರ್ ದಪ್ಪಕ್ಕೆ ಮಣ್ಣು ಬಳಿದು, ಪ್ಲಾಸ್ಟಿಕ್ ಮುಚ್ಚಿ, ಒಣಗಿದ ಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯುತ್ತಾರೆ. ಹೆಣ್ಣುಮಕ್ಕಳು ಮುಖಕ್ಕೆ ಹಚ್ಚುವ ಅದೇ ಮಣ್ಣು. ಅಷ್ಟು ದೊಡ್ಡ ಕಟ್ಟಡಕ್ಕೆ ಆಸಿಡ್ ಹಾಕಿ ಉಜ್ಜಿಬಿಡೋಣ ಅಂತ ಅವರಿಗೆ ಅನ್ನಿಸಲಿಲ್ಲ ನೋಡಿ. ಅಲ್ಲಿ ಹಳದಿ ಮಣ್ಣು ನಡೆಯಿತು, ನಿಮಗ್ಯಾಕೆ ಭಯ ಅಂತ ಕೇಳಬಹುದು. ಅವರದು ತೆಳು ಪದರ, ಕಲೆ ಮೇಲಿನದು, ತೊಳೆಯುವುದೂ ಅಷ್ಟೇ ಜಾಗ್ರತೆಯಿಂದ. ನಮ್ಮ ಮನೆಯಲ್ಲಿ ಅಂಥ ಕೈ ಎಲ್ಲಿದೆ?

ಇಟಲಿಯ ಫ್ಲಾರೆನ್ಸಿನಲ್ಲಿ 1966ರ ನವೆಂಬರ್ 4ರಂದು ಆರ್ನೋ ನದಿ ಊರಿಗೆ ನುಗ್ಗಿದಾಗ ಮನೆಗಳನ್ನು ಬೆಚ್ಚಗಿಡಲು ಸಂಗ್ರಹಿಸಿದ್ದ ಎಣ್ಣೆ ಕೆಸರಿನ ಜೊತೆ ಸೇರಿ ಮಾರ್ಬಲ್ ಶಿಲ್ಪಗಳ ಮೇಲೆ ಕಪ್ಪಗೆ ಕೂತಿತ್ತು. ಅದನ್ನು ಹೀರಿಸಲೂ ಟಾಲ್ಕ್ ಪುಡಿಯನ್ನೇ ಬಳಸಿದರು. ನಮ್ಮ ರೇಷ್ಮೆ ಸೀರೆ ಉಪಾಯವೇ.

ಡಿಸ್ಟಿಲ್ಡ್ ವಾಟರ್ ಅಂದಾಗ ನೆನಪಾಯಿತು. ನೀರಿನಲ್ಲಿ ಕಲಸುವ ಪಟ್ಟಿಗೆ ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ಕಲ್ಲಿಗಿಳಿದು ಬೆಳ್ಳಗೆ ಪುಡಿ ಉದುರಿಸುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು ಮನೆಯಲ್ಲಿ ಇದ್ದೇ ಇರುತ್ತದೆ, ಅದು ಸಾಕು.

ಈಗ ಅರಿಶಿನ. ನಮ್ಮ ಮನೆಗಳಲ್ಲಿ ಎಣ್ಣೆ ಬಿಟ್ಟರೆ ಅರಿಶಿನದ ಕಲೆಯೇ ಜಾಸ್ತಿ ಅಲ್ವಾ. ಅದನ್ನು ಕಂಡ ತಕ್ಷಣ ಕೈ ಹೋಗುವುದು ಬಟ್ಟೆ ಸೋಡಾ ಕಡೆಗೆ. ಹಾಕಿದ ಕೂಡಲೇ ಹಳದಿ ಕಲೆ ರಕ್ತದ ಹಾಗೆ ಕೆಂಪಗಾಗುತ್ತದೆ, ಮನೆಯವರೆಲ್ಲ ಗಾಬರಿ. ಗಾಬರಿ ಏಕೆ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ನಾವೇ ಆರತಿಗೆ ಕೆಂಪು ನೀರು ಮಾಡುವುದಿಲ್ಲವಾ? ಕುಂಕುಮ ಮಾಡುವುದೂ ಅರಿಶಿನ ಸುಣ್ಣ ಸೇರಿಸಿಯೇ. ಸೋಡಾನೂ ಸುಣ್ಣದ ಹಾಗೇ ಕ್ಷಾರ, ಅದಕ್ಕೇ ಕೆಂಪು. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದು ಕಮ್ಮಿ, ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಚೀನಾ ಮಣ್ಣು, ಸರ್ಜಿಕಲ್ ಸ್ಪಿರಿಟ್ಟು. ಒಂದು ಎರಡು ಪಟ್ಟಿಗೆ ಮುಕ್ಕಾಲು ಹೋಗುತ್ತದೆ. ಉಳಿದದ್ದನ್ನು ಬಿಸಿಲಿಗೆ ಬಿಡಿ. ಅರಿಶಿನ ಬಿಸಿಲಿಗೆ ಬಣ್ಣ ಬಿಡುತ್ತದೆ, ಬಟ್ಟೆಯಲ್ಲಿ ನೋಡಿಲ್ಲವಾ. ಒರಳು ಕಲ್ಲು, ಚಪ್ಪಡಿ ಆದರೆ ಅಂಗಳಕ್ಕೆ ಎತ್ತಿಡಬಹುದು, ನೆಲವನ್ನು ಎತ್ತಲಾಗುವುದಿಲ್ಲ, ಕಿಟಕಿ ಬಿಸಿಲು ಬೀಳುವ ತನಕ ಕಾಯಬೇಕು.

ಟೀ, ಕಾಫಿ, ಅಂಗಳದಲ್ಲಿ ಬಾದಾಮಿ ಮರದ ಎಲೆ ಕೊಳೆತು ಆದ ಕಂದು ಗುರುತು, ಇವಕ್ಕೆ ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಗಾಯ ತೊಳೆಯಲು ಕೊಡುವ 6 ಪರ್ಸೆಂಟಿನದು. ಅದು ಬಣ್ಣವನ್ನು ಕರಗಿಸುವುದಿಲ್ಲ, ಅಲ್ಲೇ ಮುರಿದು ಬಿಳಿ ಮಾಡುತ್ತದೆ. ಕಪ್ಪು ಕಲ್ಲಿಗೆ ಹಾಕಬೇಡಿ, ಕಲ್ಲೇ ಪೇಲವವಾಗಬಹುದು. ಅಂಗಳದ ಎಲೆ ಕಲೆಗೆ ಅಷ್ಟೂ ಬೇಕಿಲ್ಲ, ಕಸ ಗುಡಿಸಿಟ್ಟರೆ ಬಿಸಿಲು ಮಳೆಗೆ ತಾನೇ ಹೋಗುತ್ತದೆ.

ಎಲ್ಲಕ್ಕಿಂತ ಮೊಂಡು ತುಕ್ಕಿನ ಕಲೆ. ಗ್ಯಾಸ್ ಸಿಲಿಂಡರ್ ಇಟ್ಟ ಜಾಗದ ಕೆಂಪು ಉಂಗುರ ಯಾರ ಮನೆಯಲ್ಲಿ ಇಲ್ಲ ಹೇಳಿ! ಅದಕ್ಕೆ ಹಳೇ ಸೂತ್ರ ಒಂದಿದೆ. ಒಂದು ಭಾಗ ಸೋಡಿಯಂ ಸಿಟ್ರೇಟ್ ಅನ್ನುವ ಉಪ್ಪು, ಏಳು ಭಾಗ ಗ್ಲಿಸರಿನ್, ಆರು ಭಾಗ ಉಗುರುಬೆಚ್ಚನೆ ನೀರು, ಇದರಲ್ಲಿ ಬಿಳಿ ಸುಣ್ಣಕಲ್ಲಿನ ನುಣುಪು ಪುಡಿ ಕಲಸಿ ದಪ್ಪಗೆ ಮೆತ್ತಿ ಕೆಲವು ದಿನ ಬಿಡಬೇಕು. ಸಿಟ್ರೇಟ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಗ್ಲಿಸರಿನ್ ಪಟ್ಟನ್ನು ಬೇಗ ಒಣಗಲು ಬಿಡುವುದಿಲ್ಲ. ಪಾಲಿಶ್ ಮಾರ್ಬಲ್ ಮೇಲೆ ಇದು ಹೊಳಪನ್ನು ಸ್ವಲ್ಪ ಕುಂದಿಸಬಹುದು, ಮೂಲೆಯಲ್ಲಿ ಪರೀಕ್ಷೆ ಮಾಡದೆ ಕೈ ಹಾಕಬೇಡಿ. ಅಂಗಡಿಯಲ್ಲಿ 'ತುಕ್ಕು ಮಾಯ' ಅನ್ನುವಂಥ ಬಾಟಲಿಗಳು ಸಿಗುತ್ತವೆ, ಅವುಗಳಲ್ಲಿ ಕೆಲವಕ್ಕೆ ಗಾಜನ್ನೇ ತಿನ್ನುವ ಹೈಡ್ರೋಫ್ಲೋರಿಕ್ ಆಸಿಡ್ ಹಾಕಿರುತ್ತಾರೆ, ಗ್ರಾನೈಟ್ ಕೂಡ ಅದರ ಮುಂದೆ ನಿಲ್ಲುವುದಿಲ್ಲ, ಚರ್ಮಕ್ಕೆ ತಾಗಿದರೆ ಆಸ್ಪತ್ರೆಯೇ ಗತಿ. ಇನ್ನು ಕೆಲವು ಗ್ರಾನೈಟಿನಲ್ಲಿ ಕಲ್ಲಿನೊಳಗಿನ ಕಬ್ಬಿಣವೇ ನೀರು ತಾಗಿ ತುಕ್ಕು ಬಿಡುತ್ತದೆ. ಅದು ಕಲ್ಲಿನ ಹುಟ್ಟುಗುಣ, ಪಟ್ಟಿನಿಂದ ಬಗೆಹರಿಯುವುದಲ್ಲ.

ಆಸಿಡ್ ಬಗ್ಗೆ ಇನ್ನೊಂದು ಮಾತು ಹೇಳದೆ ಬಿಡಲಾರೆ. ನಮ್ಮ ಬೀದಿಯಲ್ಲಿ ಈಗಲೂ 'ಆಸಿಡ್, ಫಿನಾಯಿಲ್' ಅಂತ ಕೂಗಿಕೊಂಡು ತಳ್ಳುಗಾಡಿ ಬರುತ್ತದೆ. ನೀರಿನ ಬಾಟಲಿಯಲ್ಲಿ ತುಂಬಿ ಕೊಡುತ್ತಾರೆ, ಮೇಲೆ ಒಂದು ಚೀಟಿ ಇಲ್ಲ. ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿ, ಕೊಳ್ಳುವವರ ಗುರುತಿನ ಚೀಟಿ ನೋಡಿ ಲೆಕ್ಕ ಬರೆದಿಡಿ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಯಾರು ಬರೆದಿಡುತ್ತಾರೆ? ನಾವು ಆರಾಮಾಗಿ 'ಒಂಚೂರು ಆಸಿಡ್ ಹಾಕಿ ತಿಕ್ಕಮ್ಮ' ಅನ್ನುತ್ತೇವೆ, ತಿಕ್ಕುವವರು ನಾವಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಬೆರಳ ತುದಿಗಳು ಬೇರೆ ಮನೆಗಳ ಆಸಿಡ್ಡಿಗೆ ನುಣುಪಾಗಿ, ಆಧಾರ್ ಯಂತ್ರಕ್ಕೆ ಬೆರಳಚ್ಚು ಸಿಗದೆ ರೇಷನ್ ಅಂಗಡಿಯಲ್ಲಿ ಒದ್ದಾಡಿದ್ದನ್ನು ನಾನೇ ನೋಡಿದ್ದೇನೆ. ಆಸಿಡ್ ಸಾಲದು ಅಂತ ಜೊತೆಗೆ ಬ್ಲೀಚಿಂಗ್ ಪೌಡರ್ ಹಾಕುವವರೂ ಇದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ, ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸುತ್ತದೆ.

ಹಾಗೇ ದೇವಸ್ಥಾನಗಳ ವಿಷಯ. ನಾನು ಶನಿವಾರ ಹೋಗುವ ಗುಡಿಯ ನವಗ್ರಹ ಕಟ್ಟೆಯನ್ನು ಒಮ್ಮೆ ಹಗಲಿನಲ್ಲಿ ನೋಡಬೇಕು ನೀವು. ಕಲ್ಲು ಯಾವುದು, ಎಣ್ಣೆ ಜಿಡ್ಡು ಯಾವುದು ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಎಳ್ಳೆಣ್ಣೆ, ಮೇಲೆ ಮಸಿ, ಮೇಲೆ ಕುಂಕುಮ, ಅಂಟು ಗಟ್ಟಿಯಾಗಿ ಚರ್ಮದ ಹಾಗಾಗಿದೆ. ಕಮಿಟಿಯವರು ಮರಳು ಎರಚುವ ಯಂತ್ರ ತರಿಸಿ ಒಂದೇ ದಿನದಲ್ಲಿ ಕ್ಲೀನ್ ಮಾಡಿಸುತ್ತೇವೆ ಅಂದರು. ಅದು ಜಿಡ್ಡಿನ ಜೊತೆ ಶಿಲ್ಪದ ಮೂಗು, ಬೆರಳು, ಸರದ ಮಣಿಯನ್ನೂ ಸವೆಸುತ್ತದೆ ಅಂತ ಹೇಳಿ ಕೈ ಮುಗಿದು ನಿಲ್ಲಿಸಿದ್ದೇನೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನಂಥ ಮೆತ್ತನೆ ಕಲ್ಲಾಗಿದ್ದರೆ ಕೇಳುವುದೇ ಬೇಡ. ಮೇಲಿನ ಜಿಡ್ಡನ್ನು ಬಿದಿರು ಕಡ್ಡಿಯಲ್ಲಿ ಮೆಲ್ಲಗೆ ಎಬ್ಬಿಸಿ, ಆಮೇಲೆ ಪಟ್ಟು ಹಾಕಿದರೆ ತುಂಬಾ ಮಟ್ಟಿಗೆ ಬರುತ್ತದೆ. ನಿಧಾನ, ನಿಜ. ಆದರೆ ಆ ಕಲ್ಲಿಗೇನು ಅವಸರ? ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಮಾತ್ರ ಭಕ್ತಿಯಿಂದಲೇ ಆದರೂ ಯಾರೂ ಏನೂ ಹಚ್ಚಲು ಹೋಗಬಾರದು, ಅದು ಕಾನೂನಿನ ಪ್ರಕಾರ ಅಪರಾಧ, ಅಲ್ಲಿ ಶುಚಿ ಮಾಡುವ ಕೆಲಸವನ್ನು ಬಲ್ಲವರೇ ಮಾಡಲಿ.

ಪಟ್ಟಿಗಿಂತ ಸುಲಭದ ದಾರಿ ಅಂದರೆ ದೀಪದ ಕೆಳಗೆ ಒಂದು ತಟ್ಟೆ. ಅಡಿಕೆ ಹಾಳೆ ತಟ್ಟೆ ಬೇಡ, ಅದು ಒಸರುತ್ತದೆ, ಅಂಚಿರುವ ಸ್ಟೀಲ್ ತಟ್ಟೆ. ಮುಜರಾಯಿ ಇಲಾಖೆಯವರು ಗುಡಿಗಳಲ್ಲಿ ದೀಪಕ್ಕೆ ಬೇರೆಯೇ ಕಬ್ಬಿಣದ ಸ್ಟ್ಯಾಂಡು, ಅದರ ಕೆಳಗೆ ಎಣ್ಣೆ ಹಿಡಿಯುವ ಟ್ರೇ ಇಡಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ನಿಲ್ಲುತ್ತದೆ. ಕೆಲವು ಕಡೆ ಈಗಾಗಲೇ ಇದೆ.

ಸಂಪಾದಕರೇ, ನಿಮ್ಮ ಪುರವಣಿಯವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ನಿಂಬೆಹಣ್ಣಿನ ಸಲಹೆ ಓದಿ ಎಷ್ಟು ಮನೆಯವರು ಈ ವಾರ ಉಜ್ಜಲು ಕೂತಿದ್ದಾರೋ. ಮುಂದಿನ ಭಾನುವಾರ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಒಂದು ತಿದ್ದುಪಡಿ ಹಾಕಿ. ಕಲ್ಲಿಗೆ ಹುಳಿ ಬೇಡ ಅನ್ನುವ ಒಂದು ಸಾಲು ಇದ್ದರೂ ಸಾಕು. ಪಟ್ಟಿನ ವಿಷಯ ಬರೆಯಲು ಜಾಗ ಇದ್ದರೆ ಈ ಪತ್ರವನ್ನು ಕತ್ತರಿಸಿ ಎಷ್ಟು ಬೇಕೋ ಅಷ್ಟು ಹಾಕಿಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಮೈಸೂರು

ಮತ್ತೆ: ಅಡುಗೆ ಮನೆಯ ಸಿಲಿಂಡರ್ ಉಂಗುರಕ್ಕೆ ಸಿಟ್ರೇಟ್ ಪಟ್ಟು ಹಾಕಿ ಇವತ್ತಿಗೆ ಐದನೇ ದಿನ. ಬೆಳಗ್ಗೆ ಹಾಳೆಯ ಒಂದು ಮೂಲೆ ಎತ್ತಿ ನೋಡಿದೆ, ಪುಡಿಯ ಅಂಚು ತೆಳು ಹಳದಿಗೆ ತಿರುಗಿದೆ. ಇನ್ನೆರಡು ದಿನ ಬಿಡುತ್ತೇನೆ.